ಕೊರಳಲ್ಲಿ ಏನೂ ಇರಕೂಡದು

ಆ ನಿಯಮವನ್ನು ನಾನು ಬರೆದದ್ದಲ್ಲ, ಟೈಪು ಮಾಡಿದ್ದು. ಇವೆರಡೂ ಬೇರೆ ಬೇರೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಈಗ ಹಾಗೆ ಹೇಳಿಕೊಳ್ಳಲು ಬಾಯಿ ಬರುವುದಿಲ್ಲ. ಆದದ್ದನ್ನು ಆದ ಕ್ರಮದಲ್ಲಿ, ನಾನು ಕಂಡಷ್ಟನ್ನು ಮಾತ್ರ ಬರೆಯುತ್ತೇನೆ.

ಎಪ್ಪತ್ತರ ದಶಕ. ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ ಪಂಪ್‌ಸೆಟ್ಟಿನ ಬಿಡಿಭಾಗಗಳನ್ನು ಮಾಡುವ ಒಂದು ಕಾರ್ಖಾನೆಯಲ್ಲಿ ನಾನು ಟೈಪಿಸ್ಟ್ ಆಗಿದ್ದೆ. ಕನ್ನಡ, ಇಂಗ್ಲಿಷ್ ಎರಡೂ ಬರುತ್ತಿದ್ದುದರಿಂದ ನನ್ನನ್ನು ಪರ್ಸನೆಲ್ ವಿಭಾಗಕ್ಕೆ ಹಾಕಿದ್ದರು. ವಿಭಾಗ ಎಂದರೆ ಎರಡು ಮೇಜು. ಒಂದು ಪರ್ಸನೆಲ್ ಆಫೀಸರದು, ಇನ್ನೊಂದು ನನ್ನದು. ಯಂತ್ರಗಳ ಶೆಡ್ಡಿನ ಮೂಲೆಯಲ್ಲಿ ಹಲಗೆ ಮತ್ತು ಗಾಜು ಸೇರಿಸಿ ಮಾಡಿದ ಒಂದು ಗೂಡು ನಮ್ಮ ಆಫೀಸು. ನನ್ನ ಮೇಜಿನ ಎದುರಿಗೇ ಗಾಜು. ಗಾಜಿನ ಆಚೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕುಡಿಯುವ ನೀರಿನ ಮಣ್ಣಿನ ಗುಡಾಣಗಳು, ಅದರಾಚೆ ಡ್ರಿಲ್ಲಿಂಗ್ ಯಂತ್ರಗಳ ಸಾಲು. ತಲೆ ಎತ್ತಿದರೆ ಅವೆಲ್ಲ ಕಾಣುತ್ತಿದ್ದವು.

ಆಫೀಸರು ದಾವಣಗೆರೆಯ ಕಡೆಯವರು, ಲಿಂಗಾಯತರು. ಮೃದು ಮಾತಿನ ಮನುಷ್ಯ. ಶರ್ಟಿನ ಒಳಗೆ ಎದೆಯ ಮೇಲೆ ಇಷ್ಟಲಿಂಗದ ಬೆಳ್ಳಿಯ ಕರಡಿಗೆ ಇರುತ್ತಿತ್ತು. ಬಗ್ಗಿ ಸಹಿ ಹಾಕುವಾಗ ಬಟ್ಟೆಯಡಿ ಅದರ ಉಬ್ಬು ಕಾಣುತ್ತಿತ್ತು. ಅವರು ಬಂದ ಮೇಲೆ ಆ ಕಡೆಯ ಕೆಲವರಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಎಲ್ಲರೂ ಕೆಲಸ ಬಲ್ಲವರೇ. ಆದರೂ ಕ್ಯಾಂಟೀನಿನಲ್ಲಿ ಮಾತು ಹುಟ್ಟಿತ್ತು. ಒಮ್ಮೆ ನಾನು ಕಾಫಿ ತರಲು ಹೋಗಿದ್ದಾಗ, ನನಗೆ ಕೇಳಲಿ ಎಂದೇ ಒಬ್ಬ ಹೇಳಿದ: "ಪರ್ಸನೆಲ್ ಆಫೀಸಲ್ಲ ಗುರು ಅದು, ಮಠ. ವಿಭೂತಿ ಇಟ್ಕೊಂಡು ಹೋಗು, ಅಪಾಯಿಂಟ್‌ಮೆಂಟ್ ಕೊಡ್ತಾರೆ." ಈ ಮಾತು ಆಫೀಸರ ಕಿವಿಗೂ ಬಿದ್ದಿತ್ತು. ಅವರು ಅದನ್ನು ಮರೆಯಲಿಲ್ಲ.

ತುರ್ತುಪರಿಸ್ಥಿತಿ ಬಂದ ಮರುವರ್ಷದ ಬೇಸಿಗೆ ಶುರುವಾಗುತ್ತಿದ್ದ ಕಾಲದಲ್ಲಿ ಒಬ್ಬ ಟರ್ನರ್‌ಗೆ ಅಪಘಾತವಾಯಿತು. ಕೊರಳಲ್ಲಿ ಕಟ್ಟಿಕೊಂಡಿದ್ದ ತಾಯಿತದ ದಾರ, ಅವರು ಬಗ್ಗಿದಾಗ, ತಿರುಗುತ್ತಿದ್ದ ಲೇತಿಗೆ ಸಿಕ್ಕಿಕೊಂಡಿತು. ನೈಲಾನ್ ದಾರ. ಕತ್ತನ್ನು ಕೊಯ್ದು ಆಮೇಲೆ ಹರಿಯಿತು. ಜೀವ ಉಳಿಯಿತು. ಫ್ಯಾಕ್ಟರಿ ಇನ್‌ಸ್ಪೆಕ್ಟರು ಬಂದು ನೋಡಿಹೋದರು. ಇದಕ್ಕೆ ನಿಮ್ಮಲ್ಲಿ ಒಂದು ನಿಯಮವೇ ಇಲ್ಲವಲ್ಲ ಎಂದರು.

ನಿಯಮ ಮಾಡಲು ಸಭೆ ಸೇರಿದ್ದು ನಮ್ಮ ಗೂಡಿನಲ್ಲೇ. ಆಫೀಸರು, ವರ್ಕ್ಸ್ ಮ್ಯಾನೇಜರು, ಯೂನಿಯನ್ ಕಾರ್ಯದರ್ಶಿ. ಬರೆದುಕೊಳ್ಳಲು ನಾನು. ವರ್ಕ್ಸ್ ಮ್ಯಾನೇಜರು ಮದ್ರಾಸಿನ ಕಡೆಯವರು, ಗಟ್ಟಿ ದನಿ. "ಕತ್ತಲ್ಲಿ ಏನೂ ಬೇಡ. ಚೈನು, ದಾರ, ಟವಲ್ಲು, ಏನೂ. ತೋಳಲ್ಲೂ ಬೇಡ. ಕೈಯಲ್ಲಿ ವಾಚೂ ಬೇಡ," ಎಂದರು.

ಯೂನಿಯನ್ ಕಾರ್ಯದರ್ಶಿ ನಕ್ಕರು. "ಸಾರ್, ಜನಿವಾರ ಕತ್ತಲ್ಲಿರಲ್ಲ, ಭುಜದ ಮೇಲಿರುತ್ತೆ. ಐನೋರು ಪಾರಾದ್ರು ಬಿಡಿ."

"ಬನಿಯನ್ ಒಳಗೆ ಇಟ್ಕೊಳ್ಳಲಿ ಅಪ್ಪ. ಹೊರಗೆ ತೂಗಾಡಬಾರದು ಅಷ್ಟೇ," ಎಂದರು ವರ್ಕ್ಸ್ ಮ್ಯಾನೇಜರು. ಈ ಮಾತನ್ನು ಅವರು ಹೇಳಿದ್ದು ನಿಜ. ನಾನು ಕೇಳಿಸಿಕೊಂಡೆ. ಆದರೆ ಅದು ನಗುವಿನ ನಡುವೆ ಬಂದ ಮಾತಾದ್ದರಿಂದ ಬರೆದುಕೊಳ್ಳಲಿಲ್ಲ.

ಆಫೀಸರು ಅಂದು ಸಂಜೆ ಯಂತ್ರಗಳ ಸುರಕ್ಷತೆಯ ಕೆಲವು ನಿಯಮಗಳ ಕರಡು ಬರೆದರು. ಮೊದಲನೆಯದು ಇದು: ಯಂತ್ರದ ಬಳಿ ಕೆಲಸ ಮಾಡುವ ಯಾವ ಕಾರ್ಮಿಕನೂ ಕೊರಳಲ್ಲಾಗಲಿ ತೋಳಲ್ಲಾಗಲಿ ದಾರ, ಸರ, ವಸ್ತ್ರ ಇತ್ಯಾದಿ ಏನನ್ನೂ ಧರಿಸಕೂಡದು. ಅದರ ಕೆಳಗೆ ಇನ್ನೊಂದು ವಾಕ್ಯವಿತ್ತು: ಧಾರ್ಮಿಕ ಕಾರಣಕ್ಕೆ ಧರಿಸಲೇಬೇಕಾದುದನ್ನು ಬಟ್ಟೆಯ ಒಳಗೆ ಎದೆಗೆ ಬಿಗಿಯಾಗಿ ಕಟ್ಟಿಕೊಂಡಿದ್ದರೆ ಅಡ್ಡಿಯಿಲ್ಲ.

ನಾನು ಎಲ್ಲವನ್ನೂ ಪ್ರತಿ ತೆಗೆಯುವ ಸ್ಟೆನ್ಸಿಲ್ ಹಾಳೆಯ ಮೇಲೆ ಹೊಡೆದು ಮುಗಿಸಿದ್ದೆ. ಬೆಳಿಗ್ಗೆ ಆಫೀಸರು ಬಂದವರೇ ಕುರ್ಚಿಯಲ್ಲಿ ಕೂರದೆ ನನ್ನ ಮೇಜಿನ ಹತ್ತಿರ ನಿಂತರು.

"ಆ ಎರಡನೇ ಸಾಲು ತೆಗೆದುಬಿಡಿ."

"ಯಾಕೆ ಸಾರ್? ಚೆನ್ನಾಗೇ ಇದೆಯಲ್ಲ."

"ನಾನೇ ರೂಲ್ ಬರೆದು ನಾನೇ ನಮ್ಮವರಿಗೆ ಬಾಗಿಲು ತೆಗೆದ ಹಾಗಾಗುತ್ತಮ್ಮ. ನೋಡಿ, ಮಠ ಅಂತಾರೆ ಆಗ್ಲೇ. ತೆಗೀರಿ."

ಸ್ಟೆನ್ಸಿಲ್ ಮೇಲೆ ತಪ್ಪಾದರೆ ಹಚ್ಚುವ ಕೆಂಪು ದ್ರವದ ಬಾಟಲಿ ಇರುತ್ತಿತ್ತು. ಅದನ್ನು ಬ್ರಷ್ಷಿನಲ್ಲಿ ಸಾಲಿನ ಉದ್ದಕ್ಕೂ ಹಚ್ಚಿದೆ. ಒಣಗಿಸಲು ಊದಿದೆ. ಆ ಜಾಗದಲ್ಲಿ ಹೊಡೆಯಲು ಬೇರೆ ಏನೂ ಇರಲಿಲ್ಲ. ನೋಟಿಸ್ ಬೋರ್ಡಿಗೆ ಹಾಕಿದ ಪ್ರತಿಯಲ್ಲಿ ಆ ನಿಯಮದ ಕೆಳಗೆ ಸಾಲಿನಷ್ಟು ಬಿಳಿಯ ಜಾಗ ಉಳಿಯಿತು. ಓದಿದವರು ಯಾರೂ ಅದನ್ನು ಗಮನಿಸಿದ ಹಾಗೆ ಕಾಣಲಿಲ್ಲ.

ಮರುದಿನದಿಂದ ಶೆಡ್ಡಿನ ಬಾಗಿಲಲ್ಲಿ ಸೂಪರ್‌ವೈಸರ್ ನಿಂತು ಒಳಗೆ ಹೋಗುವವರ ಕತ್ತು ನೋಡತೊಡಗಿದರು. ಮೇಲಿನ ಗುಂಡಿ ಬಿಚ್ಚಿ ತೋರಿಸಬೇಕು. ಮೊದಲೆರಡು ದಿನ ಅದು ತಮಾಷೆಯಾಗಿತ್ತು. "ಡಾಕ್ಟ್ರೇ, ಸ್ವಲ್ಪ ಗಂಟಲೂ ನೋಡ್ಬಿಡಿ," ಎಂದು ಒಬ್ಬ ಬಾಯಿ ತೆರೆದ. ಇನ್ನೊಬ್ಬ, "ಮಚ್ಚಾ, ನನ್ ಕತ್ತಲ್ಲಿ ಸಾಲ ಬಿಟ್ರೆ ಏನೂ ಇಲ್ಲ ಕಣೋ," ಎಂದ. ಚೈನುಗಳು, ಶಿಲುಬೆಗಳು, ತಾಯಿತಗಳು ಉಕ್ಕಿನ ಲಾಕರುಗಳಿಗೆ ಹೋದವು. ಜನಿವಾರದವರು ಅದನ್ನು ಬನಿಯನ್ ಒಳಗೆ ಸುತ್ತಿಕೊಂಡರು. ಸೂಪರ್‌ವೈಸರ್ ನೋಡಿಯೂ ನೋಡದ ಹಾಗೆ ಬಿಟ್ಟರು.

ಒಬ್ಬರನ್ನು ಮಾತ್ರ ಬಾಗಿಲಿಂದ ವಾಪಸ್ಸು ಕಳಿಸಿದರು. ಡ್ರಿಲ್ಲಿಂಗ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದವರು. ಹರಿಹರದ ಹತ್ತಿರದ ಒಂದು ಊರಿನಿಂದ ಬಂದವರು, ವಯಸ್ಸು ನಲವತ್ತರ ಆಚೆ, ಹೊಸಹಳ್ಳಿಯ ಒಂದು ವಠಾರದಲ್ಲಿ ಸಂಸಾರ. ನನ್ನ ಗಾಜಿನಿಂದ ನೇರಕ್ಕೆ ಕಾಣುತ್ತಿದ್ದ ಯಂತ್ರ ಅವರದೇ. ಆಫೀಸರ ನೆಂಟರೆಂದೇ ಅರ್ಧ ಕಾರ್ಖಾನೆ ನಂಬಿತ್ತು. ನೆಂಟರಲ್ಲ. ಆದರೆ ಅವರ ಕೊರಳಲ್ಲೂ ಶಿವದಾರ, ಎದೆಯ ಮೇಲೆ ಲಿಂಗದ ಕರಡಿಗೆ.

ಅವರು ಸೀದಾ ನಮ್ಮ ಗೂಡಿಗೆ ಬಂದರು. ಒಳಗೆ ಬರುವ ಮೊದಲು ಚಪ್ಪಲಿ ಹೊರಗೆ ಬಿಟ್ಟರು.

"ಸಾಹೇಬ್ರೆ, ಇದೊಂದು ಬಿಟ್ಟು ಬ್ಯಾರೆ ಏನಾರ ಹೇಳ್ರಿ, ಮಾಡ್ತೀನಿ."

ಆಫೀಸರು ಪೆನ್ನಿನ ಮುಚ್ಚಳ ಹಾಕಿದರು. "ರೂಲ್ ಎಲ್ಲರಿಗೂ ಒಂದೇ ಅಲ್ವಾ."

"ತೂಗು ಹಾಕ್ಕಳಂಗಿಲ್ರಿ. ಬಟ್ಟಿ ಒಳಗ ಎದಿಗೆ ಕಟ್ಕಂತೀನಿ. ಬಿಗೀಯಾಗಿ. ಬೇಕಾರೆ ನೀವೇ ಎಳದು ನೋಡ್ರಿ."

"ನಿಮಗೊಬ್ಬರಿಗೆ ಬಿಟ್ಟರೆ ನಾಳೆ ನನ್ನ ಏನಂತಾರೆ? ನಿಮಗೂ ಗೊತ್ತಿದೆ ಅದು."

ಅವರು ಆಫೀಸರ ಎದೆಯನ್ನು ಒಮ್ಮೆ ನೋಡಿದರು. ಹೆಚ್ಚು ಹೊತ್ತೇನೂ ಅಲ್ಲ. "ನಿಮಗ ತಿಳೀದ್ದೇನೈತ್ರಿ ಇದ್ರಾಗ," ಎಂದರು.

"ಲಾಕರ್ ಕೊಟ್ಟಿದೀವಲ್ಲ."

"ಲಾಕರ್‌ದಾಗ ಇಡೋದಲ್ರಿ ಅದು. ಮೈಮ್ಯಾಲೆ ಇರಬೇಕು."

ಆಫೀಸರು ಮತ್ತೆ ಪೆನ್ನು ಬಿಚ್ಚಿ ಫೈಲು ಎಳೆದುಕೊಂಡರು. ನಾನು ಟೈಪ್‌ರೈಟರಿನಿಂದ ಕೈ ತೆಗೆದು ಕುಳಿತಿದ್ದೆ. ನನ್ನ ಮೇಜಿನ ಡ್ರಾಯರಿನಲ್ಲಿ ಆಫೀಸರು ಕೈಯಲ್ಲಿ ಬರೆದ ಕರಡು ಇನ್ನೂ ಇತ್ತು. ಡ್ರಿಲ್ಲಿಂಗ್‌ನವರು ಕೇಳುತ್ತಿದ್ದುದು ಅಕ್ಷರ ಅಕ್ಷರವಾಗಿ ಅದರ ಎರಡನೇ ಸಾಲೇ ಎಂದು ಆ ಕೋಣೆಯಲ್ಲಿ ಇಬ್ಬರಿಗೆ ಗೊತ್ತಿತ್ತು.

ಕೆಲವು ದಿನ ಅವರು ಕೆಲಸಕ್ಕೆ ಬರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಬಂದು ಸೂಪರ್‌ವೈಸರ್ ಎದುರು ಗುಂಡಿ ಬಿಚ್ಚಿದರು. ಕೊರಳಲ್ಲಿ ಏನೂ ಇರಲಿಲ್ಲ. ದಾರ ಇದ್ದ ಕಡೆ ಚರ್ಮ ಉಳಿದದ್ದಕ್ಕಿಂತ ತಿಳಿಯಾಗಿತ್ತು. ಸೂಪರ್‌ವೈಸರ್ ಅವರ ಬೆನ್ನು ತಟ್ಟಿ ಒಳಗೆ ಬಿಟ್ಟರು. ಆಫೀಸರು ಇದನ್ನು ಕೇಳಿ, "ಒಳ್ಳೇದಾಯ್ತು," ಎಂದರು. ನನಗೂ ಹಗುರವಾಯಿತು.

ಅವರು ನೀರು ಕುಡಿಯುತ್ತಿಲ್ಲ ಎಂಬುದನ್ನು ನಾನು ಗಮನಿಸಿದ್ದು ಸ್ವಲ್ಪ ನಿಧಾನವಾಗಿ. ಗುಡಾಣದ ಹತ್ತಿರ ಎಲ್ಲರೂ ಬರುತ್ತಿದ್ದರು. ತಗಡಿನ ಶೆಡ್ಡು, ಬೇಸಿಗೆ. ಅವರು ಬಂದು ಮುಖ ತೊಳೆದುಕೊಳ್ಳುತ್ತಿದ್ದರು, ಕತ್ತಿಗೆ ನೀರು ಹಚ್ಚಿಕೊಳ್ಳುತ್ತಿದ್ದರು, ಹೋಗುತ್ತಿದ್ದರು. ಊಟದ ಗಂಟೆ ಹೊಡೆದಾಗ ಹೊರಗೆ ಹೊಂಗೆ ಮರದ ಕೆಳಗೆ ಹೋಗಿ ಕೂರುತ್ತಿದ್ದರು, ಕೈಯಲ್ಲಿ ಬುತ್ತಿ ಇರುತ್ತಿರಲಿಲ್ಲ.

ಒಂದು ದಿನ ನಾನೇ ಹೊರಗೆ ಹೋಗಿ ಕೇಳಿದೆ: "ಯಾಕೆ, ಮೈಗೆ ಹುಷಾರಿಲ್ವಾ?"

"ಹುಷಾರದೀನ್ರಿ ಅಮ್ಮ."

"ಮತ್ತೆ ನೀರೂ ಕುಡೀತಾ ಇಲ್ಲ?"

ಅವರು ಸುತ್ತ ನೋಡಿ ದನಿ ತಗ್ಗಿಸಿದರು. "ಮೈಮ್ಯಾಲೆ ಲಿಂಗ ಇಲ್ದಾಗ ಬಾಯಿಗೆ ಏನೂ ಹಾಕಂಗಿಲ್ರಿ ನಾವು. ಮನಿಯಾಗ ಪೂಜಿ ಮಾಡಿ, ಉಂಡು, ಅಲ್ಲೇ ಇಟ್ಟು ಬರ್ತೀನಿ. ಸಂಜಿಗೆ ಹೋಗಿ ಕಟ್ಕಂಡು ನೀರು ಕುಡೀತೀನಿ. ಅಷ್ಟ ರಿ."

"ಇಷ್ಟು ಬಿಸಿಲಲ್ಲಿ?"

"ರೂಢಿ ಆಗ್ತತಿ. ಸಾಹೇಬ್ರಿಗೆ ಹೇಳಬ್ಯಾಡ್ರಿ ಮತ್ತ. ಹಟ ಮಾಡ್ತಾನಂತಾರೆ."

ನಮ್ಮ ಮನೆಯಲ್ಲಿ ಲಿಂಗ ಧರಿಸುವ ಪದ್ಧತಿಯಿಲ್ಲ. ಇಷ್ಟು ಕಟ್ಟುನಿಟ್ಟಾಗಿ ನಡೆಸುವವರು ಇದ್ದಾರೆಂಬುದೂ ನನಗೆ ತಿಳಿದಿರಲಿಲ್ಲ. ಹೇಳಬೇಡಿ ಎಂದರೂ ನಾನು ಹೋಗಿ ಆಫೀಸರಿಗೆ ಹೇಳಿದೆ. ಕೇಳಿದರೆ ನಿಯಮ ಸಡಿಲಿಸುತ್ತಾರೆ ಎಂದುಕೊಂಡಿದ್ದೆ. ಅವರು ಗಾಜಿನ ಕಡೆ ತಿರುಗಿ ಡ್ರಿಲ್ಲಿಂಗ್ ಯಂತ್ರವನ್ನೇ ನೋಡುತ್ತ ಕುಳಿತರು. "ನಮ್ಮ ತಂದೆಯವರೂ ಹೀಗೇ ಇದ್ದರು," ಎಂದಷ್ಟೇ ಹೇಳಿದರು.

ಮರುದಿನ ಮಧ್ಯಾಹ್ನ ಆಫೀಸರು ಟಿಫನ್ ಕ್ಯಾರಿಯರ್ ಬಿಚ್ಚಲಿಲ್ಲ. ಮಾರನೆಯ ದಿನವೂ ಇಲ್ಲ. ಅಟೆಂಡರ್ ತಂದಿಟ್ಟ ಕಾಫಿ ಕೆನೆಗಟ್ಟಿ ಹಾಗೇ ಇರುತ್ತಿತ್ತು. ಮೇಜಿನ ಮೇಲಿನ ನೀರಿನ ಲೋಟದ ಮುಚ್ಚಳ ತೆಗೆಯುತ್ತಿರಲಿಲ್ಲ. ಅವರ ಎದೆಯ ಮೇಲೆ ಲಿಂಗ ಇತ್ತು, ಅವರು ಉಣ್ಣಬಹುದಿತ್ತು. ಉಣ್ಣಲಿಲ್ಲ. ಸಂಜೆ ಹೊತ್ತಿಗೆ ತುಟಿ ಬಿಳಚಿಕೊಂಡಿರುತ್ತಿತ್ತು.

ಇದನ್ನು ನೋಡಿ ನನಗೆ ಏನನ್ನಿಸಿತೆಂದು ಸರಿಯಾಗಿ ಹೇಳಬೇಕು. ಸಿಟ್ಟು ಬರಲಿಲ್ಲ. ಒಂದು ಸಾಲು ಟೈಪು ಮಾಡಿಸಿದರೆ ಮುಗಿಯುವ ಕೆಲಸಕ್ಕೆ ಒಬ್ಬ ಅಧಿಕಾರಿ ಉಪವಾಸ ಕೂತಿದ್ದಾರಲ್ಲ ಎಂದು ಹೊಳೆಯಲೂ ಇಲ್ಲ. ಎಂಥ ದೊಡ್ಡ ಮನುಷ್ಯ ಎನ್ನಿಸಿತು. ಆ ಗಾಜಿನ ಎರಡು ಕಡೆ ಇಬ್ಬರು ದೊಡ್ಡ ಮನುಷ್ಯರಿದ್ದಾರೆ, ಇದು ಗೊತ್ತಿರುವುದು ನನಗೊಬ್ಬಳಿಗೇ ಎಂದು ಒಳಗೊಳಗೆ ಒಂದು ಬಗೆಯ ಹೆಮ್ಮೆಯೂ ಆಯಿತು. ಮನೆಯಲ್ಲಿ ಅಮ್ಮನ ಹತ್ತಿರ ಹೇಳಿಕೊಂಡೆ. ಅಮ್ಮ ಒಲೆಯ ಮುಂದಿನಿಂದ, "ಬಿಸಿಲಲ್ಲಿ ನಿಂತಿರೋನು ಆಫೀಸರಲ್ಲವಲ್ಲೇ," ಎಂದರು. ನನಗೆ ಅದು ಹಿಡಿಸಲಿಲ್ಲ.

ಆ ವಾರದಲ್ಲೇ ಒಂದು ದಿನ, ಊಟದ ಗಂಟೆ ಆಗಿ ಎಲ್ಲರೂ ಹೊರಗೆ ಹೋದ ಮೇಲೆ, ಡ್ರಿಲ್ಲಿಂಗ್‌ನವರು ಗುಡಾಣದ ಹತ್ತಿರ ಬಂದರು. ಮುಖ ತೊಳೆಯಲಿಲ್ಲ. ಲೋಟದಲ್ಲಿ ನೀರು ತುಂಬಿಸಿಕೊಂಡು ಎರಡು ಕೈಯಲ್ಲೂ ಹಿಡಿದು ನಿಂತರು. ಅವರ ಕಣ್ಣು ಗುಳಿ ಬಿದ್ದಿತ್ತು. ಆಫೀಸರು ಆಗ ಒಳಗಿರಲಿಲ್ಲ. ನಾನು ಎದ್ದು ಹೊರಗೆ ಹೋದೆ. ಅವರಿಗೆ ಸಮಾಧಾನವಾಗಲಿ ಎಂದು ಹೇಳಿದೆ:

"ನೀವು ಒಬ್ಬರೇ ಅಂದ್ಕೋಬೇಡಿ. ಸಾಹೇಬರೂ ಊಟ ಬಿಟ್ಟಿದಾರೆ. ನೀರೂ ಕುಡೀತಿಲ್ಲ."

"ಯಾರು, ನಮ್ಮ ಸಾಹೇಬ್ರಾ?"

"ಹ್ಞೂ. ನೀವು ಕುಡಿಯೋದಿಲ್ಲ ಅಂತ ಗೊತ್ತಾದಾಗಿಂದ."

ಅವರು ಲೋಟವನ್ನೇ ನೋಡುತ್ತ ನಿಂತರು. ಆಮೇಲೆ ನೀರನ್ನು ಗುಡಾಣಕ್ಕೆ ವಾಪಸ್ಸು ಹಾಕದೆ, ಪಕ್ಕದ ಮಣ್ಣಿಗೆ ಸುರಿದು, ಲೋಟ ಬೋರಲು ಹಾಕಿದರು. "ಅವರೇ ಬಿಟ್ಟಾರಂದ್ರ ನಾನು ಹೆಂಗ್ ಕುಡೀಲ್ರಿ," ಎಂದರು. ನನಗೆ ಕೈ ಮುಗಿದು ಹೋದರು.

ನಾನು ಒಳಗೆ ಬಂದು ಕುಳಿತೆ. ಕಣ್ಣು ತುಂಬಿ ಬಂದಿತ್ತು, ಮೆಚ್ಚಿಗೆಯಿಂದ.

ಡ್ರಿಲ್ಲಿಂಗ್‌ನವರು ಬಿದ್ದದ್ದು ಅದಾಗಿ ಕೆಲವೇ ದಿನಕ್ಕೆ, ಮಧ್ಯಾಹ್ನ. ನಾನು ತಲೆ ಎತ್ತಿದಾಗ ಅವರು ಯಂತ್ರಕ್ಕೆ ಹಣೆ ಆನಿಸುವವರ ಹಾಗೆ ಮುಂದಕ್ಕೆ ಬಾಗುತ್ತಿದ್ದರು. ಏನನ್ನೋ ಹತ್ತಿರದಿಂದ ನೋಡುತ್ತಿದ್ದಾರೆ ಎಂದುಕೊಂಡೆ. ಬಲಗೈ ಹಿಡಿಕೆಯ ಮೇಲಿತ್ತು. ಮೈಭಾರವೆಲ್ಲ ಅದರ ಮೇಲೆ ಬಿತ್ತು. ಎಡಗೈ ಕೆಳಗೆ ಕಬ್ಬಿಣದ ತುಂಡನ್ನು ಹಿಡಿದುಕೊಂಡಿತ್ತು. ಪಕ್ಕದ ಯಂತ್ರದವನು ಕೂಗಿ ಸ್ವಿಚ್ಚು ಆರಿಸಿದ. ಅಷ್ಟರಲ್ಲಿ ಡ್ರಿಲ್ಲು ಹೆಬ್ಬೆರಳು ತೋರುಬೆರಳುಗಳ ನಡುವೆ ಇಳಿದಾಗಿತ್ತು.

ಅವರನ್ನು ನೆಲದ ಮೇಲೆ ಮಲಗಿಸಿದರು. ಕೈಗೆ ಯಾರದೋ ಟವಲ್ಲು ಸುತ್ತಿದರು. ಇನ್ನೊಬ್ಬ ಗುಡಾಣದಿಂದ ನೀರು ತಂದು ಮುಖಕ್ಕೆ ಚಿಮುಕಿಸಿ ಲೋಟವನ್ನು ಬಾಯಿಗೆ ಹಿಡಿದ. ಅರೆಎಚ್ಚರದಲ್ಲಿದ್ದ ಅವರು ತುಟಿ ಬಿಗಿದುಕೊಂಡರು. ನೀರು ಗದ್ದದ ಮೇಲಿಂದ ಹರಿದುಹೋಯಿತು.

"ಕುಡಿಯಣ್ಣ, ಕುಡಿ. ಇದೇನ್ ಹಿಂಗ್ ಮಾಡ್ತಾನೆ ನೋಡ್ರೋ!"

ಆಫೀಸರು ಓಡಿ ಬಂದರು. ಮೊಣಕಾಲೂರಿ ಕುಳಿತು, "ಕುಡೀರಿ. ನಾನು ಹೇಳ್ತಾ ಇದೀನಿ, ಕುಡೀರಿ," ಎಂದರು. ಅವರು ಮುಖ ಆಚೆ ತಿರುಗಿಸಿದರು. ಆಫೀಸರು ತಮ್ಮ ಶರ್ಟಿನ ಗುಂಡಿ ಬಿಚ್ಚಿದರು. ಬಿಚ್ಚುವಾಗ ಒಂದು ಗುಂಡಿ ಕಿತ್ತು ಬಂತು. ಕೊರಳಿಂದ ತಮ್ಮ ಶಿವದಾರವನ್ನು ತೆಗೆದು, ಕರಡಿಗೆಯನ್ನು ಅವರ ಬಲಗೈಯಲ್ಲಿಟ್ಟು, ಆ ಕೈಯನ್ನು ತಮ್ಮ ಎರಡೂ ಕೈಗಳಿಂದ ಮುಚ್ಚಿ ಹಿಡಿದರು. ಇಡೀ ಶೆಡ್ಡು ನೋಡುತ್ತಿತ್ತು. ಅದು ಅವರ ಪದ್ಧತಿಯಲ್ಲಿ ಸರಿಯೋ ತಪ್ಪೋ ನನಗೆ ತಿಳಿಯದು. ಆಮೇಲೆ ಅವರು ನೀರು ಕುಡಿದರೋ ಇಲ್ಲವೋ ಎಂಬುದೂ ನನಗೆ ಕಾಣಲಿಲ್ಲ. ಜನ ಅಡ್ಡ ನಿಂತುಬಿಟ್ಟರು.

ಅವರನ್ನು ಕಂಪನಿಯ ವ್ಯಾನಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದ ಮೇಲೆ ವರ್ಕ್ಸ್ ಮ್ಯಾನೇಜರು ನಮ್ಮ ಗೂಡಿಗೆ ಬಂದರು. "ಏನಪ್ಪ ಇದು? ನೀರು ಯಾಕೆ ಕುಡಿಯಲ್ಲ ಆ ಮನುಷ್ಯ?"

ಆಫೀಸರು ವಿವರಿಸಿದರು. ಶರ್ಟಿನ ಗುಂಡಿ ಇಲ್ಲದ ಕಡೆ ಕೈ ಅಡ್ಡ ಇಟ್ಟುಕೊಂಡೇ ಮಾತಾಡಿದರು.

"ಇಷ್ಟೇನಾ? ಒಳಗೆ ಕಟ್ಕೊಳ್ಳಲಿ ಅಂತ ನಾನು ಅವತ್ತೇ ಹೇಳಿದೆನಲ್ಲ. ಒಂದು ಲೈನ್ ಹಾಕಿದ್ರೆ ಆಗ್ತಿತ್ತಲ್ಲ ಸಾರ್."

"ನೀವು ಒಪ್ಪೋದಿಲ್ಲ ಅಂದ್ಕೊಂಡೆ. ನಮ್ಮವರಿಗೋಸ್ಕರ ಮಾಡಿದೆ ಅಂತ..."

"ನನಗೆ ಡ್ರಿಲ್ಲಿಂಗ್ ಆಗಬೇಕು. ನಿಮ್ಮವರು ನಮ್ಮವರು ತಗೊಂಡು ನಾನೇನ್ ಮಾಡಲಿ?" ಎಂದು ಅವರು ನನ್ನ ಕಡೆ ತಿರುಗಿದರು. "ಅಮ್ಮ, ನೀವಾದ್ರೂ ಹೇಳಬಾರದಿತ್ತಾ? ಇಲ್ಲೇ ಕೂತಿರ್ತೀರಿ, ಎಲ್ಲಾ ಕಾಣುತ್ತೆ."

ಅವರು ಉತ್ತರಕ್ಕೆ ಕಾಯದೆ ಹೊರಟುಹೋದರು. ಅಂದು ಸಂಜೆಯೇ ಹೊಸ ಸ್ಟೆನ್ಸಿಲ್ ಹಾಕಿ, ಎರಡೂ ವಾಕ್ಯಗಳನ್ನು ಸೇರಿಸಿ ನಿಯಮವನ್ನು ಮತ್ತೆ ಟೈಪು ಮಾಡಿದೆ. ಕೆಲಸ ಬೇಗ ಮುಗಿಯಿತು.

ಆಸ್ಪತ್ರೆಯಿಂದ ಅವರು ಮನೆಗೆ ಬಂದ ಸುದ್ದಿ ಗೊತ್ತಾದ ಮೇಲೆ ಆಫೀಸರು, "ನೀವೂ ಬನ್ನಿ ಅಮ್ಮ, ನಾನೊಬ್ಬನೇ ಹೋಗಲಾರೆ," ಎಂದರು. ಭಾನುವಾರ ಹೊಸಹಳ್ಳಿಗೆ ಹೋದೆವು. ವಠಾರದ ಕೊನೆಯ ಮನೆ. ಅವರು ಚಾಪೆಯ ಮೇಲೆ ಗೋಡೆಗೆ ಒರಗಿ ಕುಳಿತಿದ್ದರು. ಎಡಗೈ ಬಟ್ಟೆಯ ಜೋಲಿಯಲ್ಲಿತ್ತು. ಕೊರಳಲ್ಲಿ ಶಿವದಾರ ಇತ್ತು.

ಆಫೀಸರು ಕೂರುವ ಮೊದಲೇ, "ತಪ್ಪು ನನ್ನದು," ಎಂದರು.

ಅವರ ಹೆಂಡತಿ ಬಾಗಿಲಿನ ಹತ್ತಿರ ನಿಂತಿದ್ದರು. "ನಿಮ್ಮ ಕೊಳ್ಳಾಗೂ ಐತಲ್ರಿ ಅದು? ಕುರ್ಚಿ ಮ್ಯಾಲೆ ಕುಂತವ್ರು ಕಟ್ಕಳದು, ನಿಂತು ದುಡಿಯೋರು ಬಿಚ್ಚಿಡದು. ಇದೆಂಥ ರೂಲ್ರಿ ನಿಮ್ದು?"

"ಸುಮ್ಕಿರಲೇ," ಎಂದರು ಗಂಡ. "ಅವ್ರೂ ಊಟ ಬಿಟ್ಟಿದ್ರು ಪಾಪ."

"ನೀವು ಬಿಟ್ರಿ, ಅವ್ರು ಬಿಟ್ರು. ಭಾರಿ ಚಂದ ಆತು. ಅವ್ರು ಬಿಟ್ಟಾರಂತ ನಿಮಗ ಬಂದು ಊದಿದವ್ರು ಯಾರು? ಅವತ್ತು ಕುಡದೇಬಿಡ್ತಿದ್ದೆ ಅಂತ ನೀವೇ ಅಂದ್ರಲ್ಲ ನನ್ಮುಂದೆ."

ಗಂಡ ನನ್ನ ಕಡೆ ನೋಡಲಿಲ್ಲ. ನೋಡದೆ ಇರಲು ಪ್ರಯತ್ನಪಟ್ಟದ್ದು ನನಗೆ ಕಂಡಿತು. "ಯಾರೋ ಹೇಳಿದ್ರು ಬಿಡು. ಕಾರ್ಖಾನಿ ಅಂದ್ಮ್ಯಾಲೆ ಮಾತು ಬರ್ತಾವು," ಎಂದರು. ಆಗ ನಾನೇ ಎಂದು ಹೇಳಬಹುದಿತ್ತು. ಆ ಹೆಂಗಸು ಒಳಗಿನಿಂದ ನನಗೂ ಮಜ್ಜಿಗೆ ತಂದುಕೊಟ್ಟರು. ಕುಡಿದೆ.

ಹೊರಡುವಾಗ ಆಫೀಸರು, "ನಿಮಗೆ ಏನಾಗಬೇಕು ಹೇಳಿ, ನಾನು ಮಾಡಿಸ್ತೀನಿ," ಎಂದರು.

"ಬ್ಯಾರೇನೂ ಬ್ಯಾಡ್ರಿ. ನನ್ನ ಮಿಷನ್ ನನಗ ಕೊಡ್ರಿ. ಈಗ ಇದನ್ನೂ ಕಟ್ಕಂಡು ಮಾಡಬೌದಂತಲ್ಲ."

"ಕೊಡಿಸ್ತೀನಿ."

ಅದು ಆಗಲಿಲ್ಲ. ಗಾಯ ಮಾಯಿತು, ಆದರೆ ಎಡಗೈಯ ಹೆಬ್ಬೆರಳು ಮಡಚುತ್ತಿರಲಿಲ್ಲ. ಕೈಗೆ ಪೆಟ್ಟಾದವರನ್ನು, ಎರಡೂ ಕೈಗಳ ಹಿಡಿತ ಮೊದಲಿನಂತಾಗಿದೆ ಎಂದು ಡಾಕ್ಟರು ಬರೆದುಕೊಡುವ ತನಕ, ತಿರುಗುವ ಯಂತ್ರದ ಮೇಲೆ ಹಾಕಕೂಡದು ಎಂಬುದು ಅದೇ ನೋಟಿಸಿನ ಇನ್ನೊಂದು ನಿಯಮ. ಅದನ್ನೂ ಆಫೀಸರೇ ಬರೆದಿದ್ದರು. ಸರಿಯಾದ ನಿಯಮವೇ. ಡಾಕ್ಟರು ಹಾಗೆ ಬರೆದುಕೊಡಲಿಲ್ಲ. ಆಫೀಸರು ವರ್ಕ್ಸ್ ಮ್ಯಾನೇಜರ ಹತ್ತಿರ ಹೋಗಿ ಬಹಳ ಹೊತ್ತು ಮಾತಾಡಿದರು. ಅವರು ಈ ಸಲ ಒಪ್ಪಲಿಲ್ಲ: "ಇನ್ನೊಂದು ಕೈ ಹೋದರೆ ಯಾರು ಹೊಣೆ? ನೀವಾ, ನಾನಾ?" ಡ್ರಿಲ್ಲಿಂಗ್‌ನವರನ್ನು ಸ್ಟೋರ್ಸಿಗೆ ಹಾಕಿದರು. ಬೋಲ್ಟು, ವಾಷರು, ಎಣ್ಣೆಯ ಡಬ್ಬ, ಆಫೀಸಿನ ಕಾಗದ ಎಲ್ಲ ಅಲ್ಲಿಂದಲೇ ಕೊಡುತ್ತಿದ್ದರು. ಕೈ ಸರಿಹೋಗುವ ತನಕ ಎಂದು ಅವರು ತಿಳಿದಿದ್ದರು. ಡ್ರಿಲ್ಲಿಂಗ್ ಯಂತ್ರಕ್ಕೆ ಖಾಯಂ ಆಗಿ ಬೇರೆಯವರನ್ನು ತೆಗೆದುಕೊಂಡ ದಿನ, ಇನ್ನು ಆ ಯಂತ್ರ ಸಿಗುವುದಿಲ್ಲವೆಂದು ಅವರಿಗೆ ಯಾರಾದರೂ ಹೇಳಬೇಕಾಯಿತು.

"ನೀವು ಹೇಳಿಬಿಡಿ ಅಮ್ಮ," ಎಂದರು ಆಫೀಸರು. ಅವರು ಫೈಲಿನಿಂದ ತಲೆ ಎತ್ತಲಿಲ್ಲ. "ನಿಮ್ಮ ಹತ್ತಿರ ಅವರು ಮಾತಾಡ್ತಾರೆ."

ನಾನು ಸ್ಟೋರ್ಸಿನ ಕಿಟಕಿಗೆ ಹೋದೆ. ಅವರು ಒಳಗೆ ಸ್ಟೂಲಿನ ಮೇಲೆ ಕುಳಿತು ವಾಷರುಗಳನ್ನು ಅಳತೆಯ ಪ್ರಕಾರ ಡಬ್ಬಗಳಿಗೆ ಹಾಕುತ್ತಿದ್ದರು, ಬಲಗೈಯೊಂದರಲ್ಲೇ. ಶರ್ಟಿನ ಮೇಲೇ, ಎಲ್ಲರಿಗೂ ಕಾಣುವ ಹಾಗೆ, ಕರಡಿಗೆ ಇತ್ತು. ಸ್ಟೋರ್ಸಿನಲ್ಲಿ ತಿರುಗುವ ಯಂತ್ರಗಳಿರಲಿಲ್ಲ. ಅಡ್ಡಿ ಮಾಡುವವರೂ ಇರಲಿಲ್ಲ.

"ಏನ್ ಬೇಕ್ರಿ ಅಮ್ಮ? ಕಾರ್ಬನ್ನಾ?"

"ಏನೂ ಬೇಡ. ಒಂದು ವಿಷಯ ಹೇಳಬೇಕಿತ್ತು. ನಿಮ್ಮ ಮಷಿನ್ನಿಗೆ ಬೇರೆಯವರನ್ನ ತಗೊಂಡಿದಾರೆ. ಖಾಯಂ."

ಅವರು ಕೈಯಲ್ಲಿದ್ದ ವಾಷರನ್ನು ಡಬ್ಬಕ್ಕೆ ಹಾಕಿದರು. "ನನಗ ಕೊಡಂಗಿಲ್ಲಾ?"

"ರೂಲ್ ಹಾಗಿದೆ. ಡಾಕ್ಟರು ಬರೆದುಕೊಟ್ಟಿಲ್ಲವಲ್ಲ."

"ಆ ರೂಲ್‌ನೂ ನೀವೇ ಟೈಪ್ ಮಾಡಿದ್ದೇನ್ರಿ?"

"ಹೌದು," ಎಂದೆ.

ಅವರು ಹೌದೆಂದು ತಲೆಯಾಡಿಸಿದರು. "ಚೊಕ್ಕ ಇರ್ತತಿ ಬಿಡ್ರಿ ನಿಮ್ಮ ಟೈಪಿಂಗು. ಒಂದು ಅಕ್ಷರ ತಪ್ಪಿರಂಗಿಲ್ಲ."

ಅದು ಕೊಂಕೋ, ತಮಾಷೆಯೋ, ಅಥವಾ ನನ್ನನ್ನು ಅಲ್ಲಿಂದ ಬಿಡಿಸಿ ಕಳಿಸಲು ಆಡಿದ ಮಾತೋ, ಅವರ ಮುಖ ನೋಡಿಯೂ ನನಗೆ ತಿಳಿಯಲಿಲ್ಲ. ಅಲ್ಲಿ ನಿಂತೇ ಇದ್ದೆ. ನನ್ನ ಹಿಂದೆ ಎಣ್ಣೆ ಒಯ್ಯಲು ಬಂದವನೊಬ್ಬ, "ಮೇಡಂ, ಆಯ್ತಾ ನಿಮ್ದು?" ಎಂದು ಕೇಳಿದ. ಆಯ್ತೆಂದು ಪಕ್ಕಕ್ಕೆ ಸರಿದೆ.